ವಿವಾಹ ಸಂಸ್ಕಾರ: ಅಂದು, ಇಂದು

ಇಂದಿನ ವಧೂವರರು ವಿವಾಹವನ್ನು ತಮ್ಮ ಅಭಿರುಚಿಗೆ ತಕ್ಕಂತೆ ರೂಪಿಸಿಕೊಳ್ಳುತ್ತಿರುವುದನ್ನು ಕಂಡು, ಸಂಪ್ರದಾಯ ಅಳಿಯಿತೆಂದು ಹಿರಿಯರು ಮರುಗುವುದುಂಟು. ಆದರೆ ರೂಢಿಯನ್ನು ಮೀರಿದ ವಿವಾಹ ಶರಣಧರ್ಮಕ್ಕೆ ಹೊಸತಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಕುಲದಿಂದ ಬಂದ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ವಿವಾಹವಾಯಿತೆಂದು ಶರಣಪರಂಪರೆ ಹೇಳುತ್ತದೆ. ಲಿಂಗದೀಕ್ಷೆ ಪಡೆದವರಲ್ಲಿ ಕುಲಭೇದವಿಲ್ಲವೆಂಬುದೇ ಅದರ ತಿರುಳು. ಇದಕ್ಕಾಗಿ ಆ ತಂದೆಯರಿಬ್ಬರೂ ಬಿಜ್ಜಳನ ಆಜ್ಞೆಯಿಂದ ಎಳೆಹೂಟೆಯ ಶಿಕ್ಷೆಗೆ ಗುರಿಯಾಗಿ ಪ್ರಾಣವನ್ನೇ ತೆತ್ತರು. 1966ರಲ್ಲಿ ಕುವೆಂಪು ಅವರು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಆಡಂಬರವಿಲ್ಲದ ಮಂತ್ರಮಾಂಗಲ್ಯದ ವಿಧಿಯಿಂದ ನೆರವೇರಿಸಿದರು.

ಈ ಎರಡು ಕಡೆಯೂ ಬದಲಾವಣೆಯ ಹಿಂದೆ ಒಂದು ತತ್ತ್ವವಿತ್ತು. ಮಂಟಪದ ಅಲಂಕಾರವನ್ನಷ್ಟೇ ಬದಲಿಸಿ, ವರದಕ್ಷಿಣೆಯನ್ನೂ ಒಳಪಂಗಡದ ಗೋಡೆಯನ್ನೂ ಹಾಗೆಯೇ ಉಳಿಸಿಕೊಂಡರೆ ಅದನ್ನು ಸುಧಾರಣೆಯೆನ್ನಲಾಗದು. ಪಂಚಕಳಶದ ಮುಂದೆ ಗುರುಸಾಕ್ಷಿಯಾಗಿ ಕೈಹಿಡಿಯುವ ಯುವಕ ಯುವತಿಯರು, ತಾವು ರೂಢಿಯನ್ನು ಬಿಡುತ್ತಿರುವುದು ಏತಕ್ಕಾಗಿ ಎಂದು ಒಮ್ಮೆ ಕೇಳಿಕೊಳ್ಳಲಿ.