ಬಿದನೂರಿನ ರಾಣಿಯ ಪಾಪವೂ ಲೋಕದ ನಿಂದೆಯೂ

ಬಂಗಾರಪೇಟೆಗೆ ಸಮೀಪದ ಬೂದಿಕೋಟೆಯು ಹೈದರಾಲಿಯ ಜನ್ಮಸ್ಥಳ. ಅದರ ನೆರೆಯ ಮಾಲೂರು ಸೀಮೆಯು ‘ಶ್ರೀನಿವಾಸ’ರೆಂದು ಹೆಸರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಹುಟ್ಟುನೆಲ. ಮೊದಲನೆಯವನು ೧೭೬೩ರಲ್ಲಿ ಬಿದನೂರನ್ನು ಗೆದ್ದನು. ಎರಡನೆಯವರು ಆ ಸಂಸ್ಥಾನದ ಅಳಿವನ್ನು ‘ಚೆನ್ನಬಸವನಾಯಕ’ ಎಂಬ ಕಾದಂಬರಿಯಲ್ಲಿ ಚಿತ್ರಿಸಿದರು. ಗೆದ್ದವನೂ ಬರೆದವರೂ ನಮ್ಮ ಕೋಲಾರದ ಸೀಮೆಯವರಾದುದರಿಂದ, ಸೋತವಳ ವಿಷಯವನ್ನು ನ್ಯಾಯವಾಗಿ ವಿಚಾರಿಸುವ ಹೊಣೆಯು ನಮಗೆ ವಿಶೇಷವಾಗಿ ಸಲ್ಲುತ್ತದೆ.

ಬಸಪ್ಪನಾಯಕನು ತೀರಿಕೊಂಡ ಮೇಲೆ ಅವನ ದತ್ತುಪುತ್ರನಾದ ಚೆನ್ನಬಸವನಾಯಕನು ಪಟ್ಟಕ್ಕೆ ಬಂದನು. ಅವನಿನ್ನೂ ಎಳೆಯನಾದುದರಿಂದ ಆಡಳಿತವು ರಾಣಿ ವೀರಮ್ಮಾಜಿಯ ಕೈಯಲ್ಲಿತ್ತು. ರಾಣಿಯು ಪರಪುರುಷನೊಬ್ಬನ ಸಂಗದಲ್ಲಿ ಬಿದ್ದಳೆಂದೂ, ಅದನ್ನು ಆಕ್ಷೇಪಿಸಿದ ಮಗನನ್ನು ಕೊಲ್ಲಿಸಿದಳೆಂದೂ ಕರ್ನಲ್ ವಿಲ್ಕ್ಸನು ೧೯ನೆಯ ಶತಮಾನದ ಆದಿಯಲ್ಲಿ ತನ್ನ ಇತಿಹಾಸದಲ್ಲಿ ಬರೆದನು. ಕೆಲವು ವರ್ಷಗಳಲ್ಲಿ ಯುವಕನೊಬ್ಬನು ತಾನೇ ಸಾವಿನಿಂದ ಪಾರಾದ ಚೆನ್ನಬಸವನೆಂದು ಹೇಳಿಕೊಂಡು ಹೈದರನ ಮೊರೆಹೊಕ್ಕನು. ಅವನಿಗೆ ಪಟ್ಟ ಕಟ್ಟುವ ನೆವದಿಂದ ಹೈದರನು ದಂಡೆತ್ತಿ ಹೋದನು. ಬಿದನೂರು ವಶವಾಯಿತು, ಅದಕ್ಕೆ ಹೈದರನಗರವೆಂಬ ಹೆಸರೂ ಬಂದಿತು. ಪಟ್ಟವು ಮಾತ್ರ ಆ ಯುವಕನಿಗೆ ದೊರೆಯಲಿಲ್ಲ. ರಾಣಿಯನ್ನೂ ಅವನನ್ನೂ ಮಧುಗಿರಿಯ ದುರ್ಗದಲ್ಲಿಯೇ ಸೆರೆಯಿಟ್ಟರು. ದೂರು ತಂದವನಿಗೂ ದೂರು ಹೊತ್ತವಳಿಗೂ ಒಂದೇ ಬಂದೀಖಾನೆ! ೧೭೬೭ರಲ್ಲಿ ಪೇಶ್ವೆ ಮಾಧವರಾಯನ ಸೇನೆಯು ರಾಣಿಯನ್ನು ಬಿಡಿಸಿತು. ಪುಣೆಯನ್ನು ಸೇರುವ ಮೊದಲೇ ಅವಳು ದಾರಿಯಲ್ಲಿ ಮೃತಳಾದಳು.

ಇಲ್ಲಿ ಪಾಪವೂ ನಿಂದೆಯೂ ಬೇರೆಬೇರೆ ಎಂಬುದನ್ನು ವಾಚಕರು ಗಮನಿಸಬೇಕು. ಪಾಪವು ಮಾಡಿದವರ ಅಂತರಂಗಕ್ಕೆ ಸೇರಿದ್ದು. ಅದರ ಬೇಗೆಯನ್ನು ಅನುಭವಿಸುವವರೂ ಅವರೇ. ನಿಂದೆಯಾದರೋ ಹತ್ತು ಬಾಯಿಗಳ ಸೊತ್ತು. ಬೇಕಾದವರು ಅದನ್ನು ಆಯುಧವಾಗಿ ಹಿಡಿಯಬಹುದು. ಹೈದರನಿಗೆ ಧರ್ಮವೇ ಗುರಿಯಾಗಿದ್ದರೆ ಆ ಯುವಕನ ಮಾತನ್ನು ವಿಚಾರಿಸಿ, ನಿಜವಾದರೆ ಅವನಿಗೆ ರಾಜ್ಯವನ್ನು ಒಪ್ಪಿಸಬೇಕಾಗಿತ್ತು. ಹಾಗಾಗಲಿಲ್ಲ. ತನ್ನ ಮುಂದಿನ ಏಳಿಗೆಗೆಲ್ಲ ಬಿದನೂರಿನ ಗೆಲವೇ ಮೂಲವೆಂದು ಅವನೇ ಭಾವಿಸಿದ್ದನೆಂದು ಅದೇ ವಿಲ್ಕ್ಸನು ಹೇಳುತ್ತಾನೆ. ರಾಣಿಯ ಅಪಕೀರ್ತಿಯು ಅವನಿಗೆ ಕೋಟೆಯ ಬಾಗಿಲಿನ ಬೀಗದಕೈಯಾಯಿತು.

ಇದರಿಂದ ವೀರಮ್ಮಾಜಿಯು ನಿರ್ದೋಷಿಯೆಂದು ಸಿದ್ಧವಾಗುವುದಿಲ್ಲ. ಮಾಸ್ತಿಯವರೂ ಅವಳ ತಪ್ಪನ್ನು ಮರೆಮಾಚಿಲ್ಲ. ಅರಮನೆಯೊಳಗಿನ ದೌರ್ಬಲ್ಯವು ನಾಡಿನ ಕೇಡಾಗಿ ಬೆಳೆದ ಬಗೆಯನ್ನು ತೋರಿಸಿದ್ದಾರೆ. ಚರಿತ್ರಕಾರನು ಅನ್ಯರ ಹೃದಯವನ್ನು ಹೊಗಲಾರನು. ಕಾದಂಬರಿಕಾರನಿಗೆ ಆ ಸ್ವಾತಂತ್ರ್ಯವುಂಟು. ಆದಕಾರಣ ರಾಣಿಯ ಮನಸ್ಸನ್ನು ತಿಳಿಯಲು ಕಾದಂಬರಿಯನ್ನೋದೋಣ. ಆದರೆ ಅವಳಿಗೆ ತೀರ್ಪು ಹೇಳಲು ಕುಳಿತಾಗ, ಸಾಕ್ಷಿ ನುಡಿದವರು ಯಾರು, ಆ ಸಾಕ್ಷಿಯಿಂದ ಲಾಭ ಪಡೆದವರು ಯಾರು ಎಂಬುದನ್ನು ಮೊದಲು ಕೇಳೋಣ.