ಅಕ್ಕಿ ಆಯೋದು ಮಾರಯ್ಯನ ಪ್ಯಾಶನ್ ಆಗಿತ್ತಾ?

ಪುಣೆಯಲ್ಲಿ ನನ್ನ ಕೆಲಸ ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ನಿಲ್ಲದಂತೆ ನೋಡಿಕೊಳ್ಳೋದು. ಅದರ ಮೇಲೆ ಪ್ಯಾಶನ್ ಇದೆಯಾ ಅಂದ್ರೆ, ಇಲ್ಲ. ಹಾಗಾದರೆ ಆ ಕೆಲಸಕ್ಕೆ ಅರ್ಥವೇ ಇಲ್ವಾ?

12ನೇ ಶತಮಾನದ ಕಲ್ಯಾಣಕ್ಕೆ ಹೋಗೋಣ. ಅಲ್ಲಿನ ಎಷ್ಟೋ ಶರಣರ ಹೆಸರಲ್ಲೇ ಕಸುಬಿದೆ: ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಬಟ್ಟೆ ಒಗೆಯೋದು, ದೋಣಿ ನಡೆಸೋದು, ಹಗ್ಗ ಹೊಸೆಯೋದು. ಆಗ ಬಹುತೇಕರಿಗೆ ಕಸುಬು ಹುಟ್ಟಿನಿಂದ ಬರುತ್ತಿತ್ತು, ಇಷ್ಟಪಟ್ಟು ಆರಿಸಿಕೊಳ್ಳುವ ಮಾತೇ ಇರಲಿಲ್ಲ. ಶರಣರು ಯಾವ ಕಸುಬೂ ಕೀಳಲ್ಲ ಅಂದರು. ಅವರು ಕೇಳಿದ್ದು ಎರಡೇ: ದುಡಿಮೆ ಪ್ರಾಮಾಣಿಕವಾ? ಅದರಿಂದ ದಾಸೋಹ ನಡೆಯುತ್ತಾ?

ಆಯ್ದಕ್ಕಿ ಮಾರಯ್ಯನ ಕಾಯಕ ನೆಲಕ್ಕೆ ಬಿದ್ದ ಅಕ್ಕಿ ಆಯೋದು. ಒಂದು ದಿನ ಆತ ಬೇಕಾದ್ದಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ, ಹೆಚ್ಚಾದದ್ದನ್ನ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು ಅನ್ನುತ್ತೆ ಶರಣರ ಕಥೆ.

ಈಗ ಕಾಯಕದ ಹೆಸರು ಹೇಳಿ ರಾತ್ರಿ ಹತ್ತರ ತನಕ ದುಡಿಸುವವರಿದ್ದಾರೆ. ಲಕ್ಕಮ್ಮನ ಕಥೆ ಅವರಿಗೆ ಗೊತ್ತಿಲ್ಲವೋ ಏನೋ.

ನನಗನ್ಸೋದು ಇಷ್ಟು: ಕೆಲಸವನ್ನ ಪ್ರೀತಿಸಲೇಬೇಕು ಅಂತಿಲ್ಲ. ನೆಟ್ಟಗೆ ಮಾಡಬೇಕು, ನಾಲ್ಕು ಜನಕ್ಕೆ ಉಪಯೋಗವಾಗಬೇಕು, ಎಷ್ಟು ಸಾಕು ಅನ್ನೋದು ಗೊತ್ತಿರಬೇಕು. ನೀವೇನಂತೀರಿ?