ಕತಾಯಿಫ್: ಅರಬರ ಕೆನೆಗಡುಬು

ಕತಾಯಿಫ್ ಎಂಬುದು ಅರಬ್ ನಾಡುಗಳಲ್ಲಿ ರಂಜಾನ್ ತಿಂಗಳಿನಲ್ಲಿ ವಿಶೇಷವಾಗಿ ಸಿದ್ಧವಾಗುವ ಸಿಹಿತಿಂಡಿ. ಅಂಗೈಯಗಲದ ದೋಸೆಯೊಳಗೆ ಕೆನೆ, ಉಪ್ಪಿಲ್ಲದ ಚೀಸ್ ಅಥವಾ ಸಕ್ಕರೆ ಬೆರೆತ ಅಕ್ರೋಟನ್ನು ತುಂಬಿ, ಮಡಿಚಿ, ಮೇಲೆ ಪಾಕ ಸುರಿಯುತ್ತಾರೆ. ಕೈರೋ, ದಮಾಸ್ಕಸ್, ಅಮ್ಮಾನ್, ನಾಬ್ಲುಸ್ ನಗರಗಳಲ್ಲಿ ಉಪವಾಸ ಬಿಡುವ ಹೊತ್ತಿಗೆ ಮುನ್ನ ಅಂಗಡಿಗಳಲ್ಲಿ ಬರಿಯ ದೋಸೆಗಳನ್ನೇ ತೂಕಕ್ಕೆ ಕೊಂಡು, ಹೂರಣವನ್ನು ಮನೆಯಲ್ಲಿ ತುಂಬುವವರು ಬಹಳ.

ಇದು ಹೊಸ ತಿಂಡಿಯೇನೂ ಅಲ್ಲ. ಹತ್ತನೆಯ ಶತಮಾನದಲ್ಲಿ ಬಾಗ್ದಾದಿನ ಇಬ್ನ್ ಸಯ್ಯಾರ್ ಅಲ್-ವರ್ರಾಕ್ ಸಂಕಲಿಸಿದ ಪಾಕಗ್ರಂಥದಲ್ಲಿಯೇ ಇದರ ವಿಧಾನವಿದೆ. 1505ರಲ್ಲಿ ತೀರಿಕೊಂಡ ಈಜಿಪ್ಟಿನ ವಿದ್ವಾಂಸ ಸುಯೂತಿ, ಕುನಾಫಾ ಮತ್ತು ಕತಾಯಿಫ್‌ಗಳ ಬಗೆಗೇ ಒಂದು ಕಿರುಕೃತಿಯನ್ನು ರಚಿಸಿದ್ದಾನೆ. ಮಖಮಲ್ಲಿಗೆ ಅರಬ್ಬಿಯಲ್ಲಿರುವ ‘ಕತೀಫಾ’ ಎಂಬ ಪದದೊಂದಿಗೆ ಹೆಸರನ್ನು ಜೋಡಿಸುವುದುಂಟು. ದೋಸೆಯ ಮೃದುತನವನ್ನು ಕಂಡವರಿಗೆ ಅದು ಒಪ್ಪಿಗೆಯಾಗುತ್ತದೆ.

ಮೈದಾ, ಸಣ್ಣ ರವೆ, ಈಸ್ಟ್, ಚಿಟಿಕೆ ಸಕ್ಕರೆ ಮತ್ತು ನೀರನ್ನು ಕಲಸಿ ಹುದುಗು ಬರಿಸಿದರೆ ಹಿಟ್ಟು ಸಿದ್ಧ. ಕಾವಲಿಯ ಮೇಲೆ ಹುಯ್ದಾಗ ನಮ್ಮ ಸೆಟ್ ದೋಸೆಯಂತೆಯೇ ಮೈತುಂಬ ಕಣ್ಣು ಬಿಡುತ್ತದೆ. ಆದರೆ ಮಗುಚಿ ಹಾಕುವಂತಿಲ್ಲ! ಗುಟ್ಟಿರುವುದೇ ಇಲ್ಲಿ. ಬೇಯದ ಮೇಲ್ಮೈಯ ತೇವವೇ ಅಂಚುಗಳನ್ನು ಅಂಟಿಸುವ ಗೋಂದು. ಮಗುಚಿದರೆ ಅಂಚು ಕೂಡುವುದಿಲ್ಲ, ಕರಿಯುವಾಗ ಹೂರಣ ಎಣ್ಣೆ ಪಾಲು. ಒಣಗದಂತೆ ದೋಸೆಗಳನ್ನು ಬಟ್ಟೆಯಡಿ ಮುಚ್ಚಿಡಬೇಕು. ಅಕ್ರೋಟು ತುಂಬಿದ ಬಗೆಯನ್ನು ಕರ್ಜಿಕಾಯಿಯಂತೆ ಅರ್ಧಚಂದ್ರಾಕಾರಕ್ಕೆ ಮಡಿಚಿ, ಕರಿದು ಪಾಕದಲ್ಲಿ ಅದ್ದುತ್ತಾರೆ. ಕೆನೆಯದು ಇನ್ನೂ ಚಿಕ್ಕದು. ‘ಅಸಾಫಿರಿ’, ಅಂದರೆ ಗುಬ್ಬಚ್ಚಿಯಂಥದು, ಎಂಬ ಹೆಸರು. ಅದನ್ನು ಕರಿಯುವುದಿಲ್ಲ. ಅರ್ಧ ಮಾತ್ರ ಅಂಟಿಸಿ, ತೆರೆದ ಬಾಯಿಗೆ ಕೆನೆ ತುಂಬಿ, ಪಿಸ್ತಾ ಪುಡಿ ಮೆತ್ತಿ, ಕಿತ್ತಳೆ ಹೂವಿನ ಅರ್ಕ ಬೆರೆಸಿದ ಪಾಕವನ್ನು ಹನಿಸುತ್ತಾರೆ.

ಆ ಕೆನೆಯ ಹೆಸರು ‘ಕಿಷ್ತಾ’. ಕೇಕ್ ಅಂಗಡಿಯ ನೊರೆನೊರೆ ಕ್ರೀಮ್ ಎಂದು ತಿಳಿಯಬೇಡಿ. ಹಾಲನ್ನು ಮಂದ ಉರಿಯಲ್ಲಿ ಕಾಯಿಸಿ, ಪದರ ಪದರವಾಗಿ ಎತ್ತಿಟ್ಟ ಕೆನೆಯದು. ಹಾಲಿಗೆ ಜೋಳದ ಪಿಷ್ಟ ಬೆರೆಸಿ ಗಟ್ಟಿಗೊಳಿಸುವ ಅಡ್ಡದಾರಿಯೂ ಇದೆ, ರುಚಿ ಅಷ್ಟಕ್ಕಷ್ಟೆ.

ಇಷ್ಟು ಸಿಹಿಯ ಜೊತೆಗೆ ಸಕ್ಕರೆಯಿಲ್ಲದ ಕಾಫಿಯೇ ಸರಿ. ಕೊಲ್ಲಿ ನಾಡುಗಳಲ್ಲಿ ಆ ಕಾಫಿಗೆ ಏಲಕ್ಕಿ ಧಾರಾಳವಾಗಿ ಬೀಳುತ್ತದೆ. ಈ ಬಟ್ಟಲಿನಲ್ಲಿ ಚಿಕ್ಕಮಗಳೂರಿನ ಮಲೆನಾಡಿಗೂ ಪಾಲಿದೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್‌ನ ಮೋಖಾದಿಂದ ಏಳು ಕಾಫಿ ಬೀಜಗಳನ್ನು ಚಂದ್ರದ್ರೋಣ ಪರ್ವತಕ್ಕೆ ತಂದರೆಂಬುದು ಐತಿಹ್ಯ. ಅತ್ತಣಿಂದ ಕಾಫಿ ಬಂದರೆ, ಪಶ್ಚಿಮ ಘಟ್ಟಗಳಿಂದ ಅತ್ತ ಹೋದದ್ದು ಏಲಕ್ಕಿ. ಹೊರನಾಡು, ಕಳಸ, ಮೂಡಿಗೆರೆಯ ತೋಟಗಳ ನೆರಳಲ್ಲಿ ಬೆಳೆದ ಬೆಳೆಯಿದು. ಮೂಡಿಗೆರೆಯ ಸಂಶೋಧನಾ ಕೇಂದ್ರದ ಏಲಕ್ಕಿ ತಳಿಗಳಿಗೆ ಆ ಊರಿನದೇ ಹೆಸರು. ಆದರೆ ಮಲೆನಾಡಿನ ಏಲಕ್ಕಿಯನ್ನು ಕಟ್ಟೆ ರೋಗ ಕಾಡಿತು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಗ್ವಾಟೆಮಾಲಾ ದೇಶವು ರಫ್ತಿನಲ್ಲಿ ಭಾರತವನ್ನು ಹಿಂದಿಕ್ಕಿ ಅರಬರ ಪೇಟೆಯನ್ನು ಹಿಡಿಯಿತು. ಹಾಗಾಗಿ ಇಂದು ಕತಾಯಿಫ್ ಜೊತೆಗಿನ ಕಾಫಿಯಲ್ಲಿ ಘಮಘಮಿಸುವ ಏಲಕ್ಕಿ, ಘಟ್ಟದ ಗಿಡದ ಸಂತತಿಯೇ ಆದರೂ, ಬಹುಪಾಲು ಮಧ್ಯ ಅಮೆರಿಕದಿಂದ ಬಂದದ್ದು.